ಕುರುಬರಹಳ್ಳಿಗೆ ಬಂದ ಬಳುವಳಿ

ಮೊದಲೇ ಹೇಳಿಬಿಡುತ್ತೇನೆ. ದೆವ್ವ ಕಂಡಿತು, ಮೈಮೇಲೆ ಬಂತು, ಸತ್ತವರು ಕನಸಿನಲ್ಲಿ ಬಂದು ಹೀಗೆ ಹೇಳಿದರು ಎಂಬ ಮಾತೆಲ್ಲ ನನ್ನ ಹತ್ತಿರ ನಡೆಯುತ್ತಿರಲಿಲ್ಲ. ನಾನು ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವಳು. ಕೆಂಗೇರಿಯಿಂದ ಹಿಡಿದು ವಿಜಯನಗರ, ರಾಜಾಜಿನಗರದವರೆಗೆ ನಾನು ಟಿಕೆಟ್ ಹರಿಯದ ರೂಟ್ ಇಲ್ಲ. ಡಿಪೋದಲ್ಲಿ ಊಟದ ಹೊತ್ತಿಗೆ ಡ್ರೈವರ್‌ಗಳು ಕಥೆ ಕಟ್ಟುತ್ತಿದ್ದರು. ಕೊನೇ ಟ್ರಿಪ್ಪಿನಲ್ಲಿ ಬಿಳಿ ಸೀರೆಯವಳು ಹತ್ತಿದಳಂತೆ, ಇಳಿಯುವ ಸ್ಟಾಪ್ ಬರುವ ಮೊದಲೇ ಮಾಯವಾದಳಂತೆ. ಅವಳು ಟಿಕೆಟ್ ತೆಗೆದುಕೊಂಡಳಾ ಇಲ್ಲವಾ, ಮೊದಲು ಅದು ಹೇಳಿ ಎನ್ನುತ್ತಿದ್ದೆ. ಎಲ್ಲರೂ ನಗುತ್ತಿದ್ದರು, ಕಥೆ ಹೇಳುತ್ತಿದ್ದವನು ಮುಖ ಸಣ್ಣಗೆ ಮಾಡಿಕೊಂಡು ಟಿಫನ್ ಬಾಕ್ಸ್ ಮುಚ್ಚುತ್ತಿದ್ದ.

ಅಂಥ ನಾನು ಈಗ ಇದನ್ನು ಬರೆಯಲು ಕೂತಿದ್ದೇನೆ. ನಗುವವರು ನಗಲಿ, ನನಗೇನೂ ಬೇಜಾರಿಲ್ಲ. ನಾನೇ ಎಷ್ಟು ಜನರನ್ನು ನೋಡಿ ನಕ್ಕಿಲ್ಲ? ಆದರೆ ಒಂದು ವಿಷಯ. ನಾನು ಏನೋ ಕಂಡೆ ಎಂದು ಹೇಳುತ್ತಿಲ್ಲ. ನಾನು ಏನನ್ನೂ ಕಾಣಲಿಲ್ಲ. ನನ್ನ ಸಂಕಟವೇ ಅದು.

ನನ್ನ ತವರು ಚಿತ್ರದುರ್ಗದ ಆಚೆ ಒಂದು ಕಾವಲಿನ ಅಂಚಿನಲ್ಲಿದೆ. ಕಾವಲು ಎಂದರೆ ದನ ಮೇಯಲೆಂದೇ ಹಿಂದಿನ ಕಾಲದಿಂದ ಬಿಟ್ಟಿರುವ ಹುಲ್ಲಿನ ಬಯಲು. ಕಣ್ಣು ಹಾಯುವಷ್ಟು ದೂರ ಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿಗಿಡ, ಮಿಕ್ಕಿದ್ದೆಲ್ಲ ಆಕಾಶ. ನಮ್ಮ ಮನೆಯವರು ತಲೆತಲಾಂತರದಿಂದ ದನ ಸಾಕಿದವರು, ಹೊಲ ಉತ್ತವರಲ್ಲ. ಅಲ್ಲಿಯ ದನಗಳು ಇಲ್ಲಿಯ ಡೈರಿ ಹಸುಗಳ ಹಾಗಲ್ಲ. ಬೂದು ಬೆರೆತ ಬಿಳಿ ಮೈ, ಹಿಂದಕ್ಕೆ ಬಾಗಿದ ಉದ್ದನೆಯ ಕೊಂಬು, ಅರೆಕಾಡು ಸ್ವಭಾವ. ಕೊಟ್ಟಿಗೆ ಎಂದರೇನು ಎಂದು ಅವಕ್ಕೆ ಗೊತ್ತಿಲ್ಲ. ಹಗಲೆಲ್ಲ ಬಯಲಲ್ಲಿ ಮೇದು ಸಂಜೆ ಮುಳ್ಳುಬೇಲಿಯ ದೊಡ್ಡಿಗೆ ಬರುತ್ತವೆ. ತಮ್ಮ ದನಗಾಹಿಯನ್ನು ಬಿಟ್ಟರೆ ಬೇರೆ ಯಾರನ್ನೂ ಹತ್ತಿರ ಸೇರಿಸುವುದಿಲ್ಲ.

ಆ ದನಗಾಹಿ ನನ್ನ ಅಣ್ಣ. ಮದುವೆ ಗಿದುವೆ ಎಂದು ಅವನು ತಲೆ ಕೆಡಿಸಿಕೊಳ್ಳಲಿಲ್ಲ. ದೊಡ್ಡಿಯ ಬಾಗಿಲಲ್ಲಿ ಕಂಬಳಿ ಹಾಸಿಕೊಂಡು ಬಯಲಲ್ಲೇ ಮಲಗುತ್ತಿದ್ದ. ಹೊತ್ತು ಇಳಿಯುವಾಗ ಬಾಯಿಗೆ ಕೈ ಅಡ್ಡ ಇಟ್ಟು ಅವನು ಒಂದು ಸಲ ಕೂಗಿದರೆ ಕಾವಲಿನ ಆ ತುದಿಯಲ್ಲಿದ್ದ ಹಸುವೂ ತಲೆ ಎತ್ತುತ್ತಿತ್ತು. ಚಿಕ್ಕವಳಿದ್ದಾಗ ನಾನೂ ಹಾಗೆ ಕೂಗಲು ಹೋಗಿ ಗಂಟಲು ಕಟ್ಟಿಸಿಕೊಂಡು, ಅಮ್ಮನ ಕೈಲಿ ಬೈಸಿಕೊಳ್ಳುತ್ತಿದ್ದೆ.

ನಮ್ಮ ಕಡೆ ಮಗಳನ್ನು ಗಂಡನ ಮನೆಗೆ ಕಳಿಸುವಾಗ ಬಳುವಳಿ ಎಂದು ಒಂದು ಹಸು ಕೊಡುತ್ತಾರೆ. ಚಿನ್ನ ಕೊಡಲಿ ಬಿಡಲಿ, ಹಸು ಕೊಡಲೇಬೇಕು. ಅದಕ್ಕೊಂದು ಕ್ರಮವೂ ಇದೆ. ಹಗ್ಗವನ್ನು ಬರಿಗೈಯಲ್ಲಿ ತೆಗೆದುಕೊಳ್ಳುವಂತಿಲ್ಲ. ಮಗಳು ಹಸುವಿನ ಮುಂದೆ ನಿಂತು ಸೆರಗೊಡ್ಡಬೇಕು, ಅಪ್ಪನೋ ಅಣ್ಣನೋ ಹಗ್ಗದ ತುದಿಯನ್ನು ಸೆರಗಿಗೆ ಹಾಕಬೇಕು. ಅಲ್ಲಿಗೆ ಹೆಣ್ಣು ಕೊಟ್ಟ ಕೆಲಸ ಪೂರ್ತಿಯಾದ ಹಾಗೆ. ಹಾಕದೆ ಹೋದರೆ ಮದುವೆ ಆಗಿ ಎಷ್ಟು ವರ್ಷವಾದರೂ ತವರಿನವರ ಪಾಲಿಗೆ ಅದು ಅರ್ಧ ಆದ ಕೆಲಸವೇ.

ನನ್ನ ಮದುವೆ ಆದದ್ದು ರಾಜಾಜಿನಗರದ ಒಂದು ಛತ್ರದಲ್ಲಿ. ಗಂಡನ ಮನೆ ಎಂದರೆ ಕುರುಬರಹಳ್ಳಿಯ ವಠಾರದಲ್ಲಿ ಒಂದೂವರೆ ರೂಮು. ಅಷ್ಟುದ್ದ ಕೊಂಬಿನ ಹಸುವನ್ನು ಲಾರಿಯಲ್ಲಿ ತಂದು ಎಲ್ಲಿ ಕಟ್ಟುವುದು, ಗ್ಯಾಸ್ ಸಿಲಿಂಡರಿಗಾ? ಅಪ್ಪ ಬೆಳ್ಳಿ ಎಂಬ ಒಂದು ಕಡಸನ್ನು ನನ್ನ ಹೆಸರಿಗೆ ಬಿಟ್ಟ. ಜಾಗ ಆದಾಗ ಬಂದು ಕರೆದುಕೊಂಡು ಹೋಗು ಎಂದ. ಈ ಊರಿನಲ್ಲಿ ಹಸು ಕಟ್ಟುವಷ್ಟು ಜಾಗ ಯಾರಿಗೆ ಆಗುತ್ತದೆ ಹೇಳಿ. ಬೆಳ್ಳಿ ದೊಡ್ಡದಾಯಿತು, ಕರು ಹಾಕಿತು, ಸತ್ತಿತು. ಅದರ ಮಗಳಿಗೂ ಬೆಳ್ಳಿ ಎಂದೇ ಹೆಸರಿಟ್ಟರು, ಅದೂ ನನ್ನದೇ. ಅದರ ಮಗಳೂ ಬೆಳ್ಳಿ. ಅಣ್ಣ ವರ್ಷಕ್ಕೊಮ್ಮೆ ಸ್ಟೀಲ್ ಡಬ್ಬಿಯಲ್ಲಿ ತುಪ್ಪ ತರುತ್ತಿದ್ದ, ನಿನ್ನ ಹಸುವಿನದು ಕಣವ್ವ ಎಂದು ಕೊಡುತ್ತಿದ್ದ. ನಾನು ತಮಾಷೆ ಮಾಡುತ್ತಿದ್ದೆ. ಅವನು ನಗುತ್ತಿರಲಿಲ್ಲ. ಅಪ್ಪ ಸಾಯುವಾಗ ಅವನ ಕೈ ಹಿಡಿದು, ಅವಳ ಹಸು ಅವಳಿಗೆ ಮುಟ್ಟಿಸು ಎಂದಿದ್ದನಂತೆ. ಅದೊಂದು ಅವನ ತಲೆಯಲ್ಲಿ ಕೂತುಬಿಟ್ಟಿತ್ತು.

ಕೆಲವು ವರ್ಷಗಳ ಹಿಂದೆ ಅಣ್ಣನಿಗೆ ಗಂಟಲಿನ ಕಾಯಿಲೆ ಬಂತು. ಅದೇ, ಹೆಸರು ಹೇಳಲು ಎಲ್ಲರೂ ಹೆದರುವ ಕಾಯಿಲೆ. ಕಾವಲಿನುದ್ದಕ್ಕೂ ಕೇಳುತ್ತಿದ್ದ ಗಂಟಲಿಗೇ ಬರಬೇಕಿತ್ತಾ ಅದು? ದೇವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ದನಗಳನ್ನು ದೊಡ್ಡಪ್ಪನ ಮಗ ಶಿವಣ್ಣನಿಗೆ ಒಪ್ಪಿಸಿ, ಅಣ್ಣನನ್ನು ನಮ್ಮ ಮನೆಗೆ ಕರೆತಂದೆ. ಆಗ ನಾವು ಕುರುಬರಹಳ್ಳಿಯಲ್ಲೇ ಒಂದು ಬಿಲ್ಡಿಂಗಿನ ಮೊದಲನೇ ಮಹಡಿಯಲ್ಲಿದ್ದೆವು. ರಸ್ತೆ ಕಡೆಯ ಕಿಟಕಿಯ ಪಕ್ಕ ಅವನಿಗೆ ಮಂಚ ಹಾಕಿಕೊಟ್ಟೆ. ಕಿಟಕಿಯಿಂದ ನೋಡಿದರೆ ಎದುರು ಮನೆಯ ಬಾಲ್ಕನಿ, ಅವರ ಒಣಗುವ ಬಟ್ಟೆ, ಕೇಬಲ್ ವೈರುಗಳು. ಮೊದಲ ದಿನವೇ ಅಣ್ಣ ಬಗ್ಗಿ, ಕತ್ತು ತಿರುಗಿಸಿ ಮೇಲೆ ನೋಡಲು ಒದ್ದಾಡಿದ. ಆಕಾಶ ಎಲ್ಲಿ ಇಟ್ಟಿದ್ದೀರಿ ಎಂದು ಕೇಳಿದ. ಅವನು ಮಾಡಿದ ತಮಾಷೆಗಳಲ್ಲಿ ಅದೇ ಕೊನೆಯದಿರಬೇಕು.

ಚಿಕಿತ್ಸೆ ನಡೆಯಿತು. ದನಿ ಹೋಯಿತು, ಬರೀ ಪಿಸುಮಾತು ಉಳಿಯಿತು. ಬಯಲಲ್ಲಿ ಬೆಳೆದ ಮೈ ನೋಡನೋಡುತ್ತ ಸೊರಗಿಹೋಯಿತು. ಕೊನೆಗೆ ಡಾಕ್ಟರ್ ನನ್ನನ್ನು ಪಕ್ಕಕ್ಕೆ ಕರೆದು, ಇನ್ನು ಇಲ್ಲಿಗೆ ಕರೆತರುವುದು ಬೇಡಮ್ಮ, ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಎಂದರು. ಅಣ್ಣನಿಗೆ ಅದನ್ನು ಹೇಳುವುದು ಹೇಗೆ ಎಂದು ನಾನು ಒದ್ದಾಡುತ್ತಿದ್ದರೆ ಅವನಿಗೆ ಆಗಲೇ ಗೊತ್ತಿತ್ತು. ಊರಿಗೆ ಹೋಗೋಣ ಎಂದು ಒಂದೇ ಹಠ. ಸಾಯುವುದಕ್ಕಲ್ಲ, ಬೆಳ್ಳಿಯನ್ನು ನನ್ನ ಸೆರಗಿಗೆ ಹಾಕುವುದಕ್ಕೆ. ಅದು ಆಗದೆ ಅವನಿಗೆ ಹೋಗಲಿಕ್ಕೆ ಮನಸ್ಸಿಲ್ಲ. ಆದರೆ ಅಷ್ಟು ದೂರ ಗಾಡಿಯಲ್ಲಿ ಕೂರಿಸಿದರೆ ದಾರಿಯಲ್ಲೇ ಏನಾದರೂ ಆಗಬಹುದು ಎಂದು ಡಾಕ್ಟರ್ ಹೇಳಿದ್ದರು. ಸ್ವಲ್ಪ ಚೇತರಿಸಿಕೋ, ಹೋಗೋಣ ಎಂದು ನಾನು ದಿನ ದೂಡುತ್ತಿದ್ದೆ.

ಒಂದು ದಿನ ಅವನ ಸಂಕಟ ನೋಡಲಾಗದೆ, ಒಂದು ಹಗ್ಗ ತರಿಸುತ್ತೇನೆ, ಇಲ್ಲೇ ಸೆರಗಿಗೆ ಹಾಕಿಬಿಡು, ಬೆಳ್ಳಿ ಅಲ್ಲೇ ಇರಲಿ, ನನಗೆ ಮುಟ್ಟಿದ ಹಾಗೇ ಎಂದೆ. ಅಣ್ಣ ಪಿಸುಗುಟ್ಟಿದ.

‘ಹಸ ಇಲ್ದೆ ಹಗ್ಗ ಕೊಡಾಕೆ ನಾನೇನು ಹಗ್ಗದ ಅಂಗ್ಡಿ ಇಟ್ಟಿದೀನಾ?’

ಅವನ ಅಂಥ ಸಿಟ್ಟು ನನಗೂ ಬಂದಿದೆ, ವಾದಿಸಿ ಉಪಯೋಗವಿಲ್ಲ ಎಂದು ಗೊತ್ತಿತ್ತು. ಅಡುಗೆ ಮನೆಗೆ ಹೋಗಿ ಅತ್ತುಬಿಟ್ಟೆ.

ಅದಾದ ಸ್ವಲ್ಪ ದಿನಕ್ಕೆ ಆ ಸಂಜೆ ಬಂತು. ನಮ್ಮ ಯಜಮಾನರು ಅಣ್ಣನ ನೋವಿನ ಔಷಧಿ ತರಲು ವಿಜಯನಗರದ ಕಡೆ ಹೋಗಿದ್ದರು. ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ. ಕೆಳಗೆ ರಸ್ತೆಯಲ್ಲಿ ಯಾವತ್ತಿನ ಗಲಾಟೆಯೇ ಇತ್ತು. ತರಕಾರಿ ಆಟೋದ ಮೈಕು, ಟ್ಯೂಷನ್ನಿಂದ ಬರುವ ಮಕ್ಕಳು, ಗೇಟಿನ ಎದುರು ಇಸ್ತ್ರಿ ಗಾಡಿ, ಮೂಲೆಯಲ್ಲಿ ಹೂವಿನ ಜಯಮ್ಮ. ನಾನು ಗಂಜಿ ಕಾಯಿಸುತ್ತಿದ್ದೆ. ಮಂಚ ಕಿರುಗುಟ್ಟಿದ ಸದ್ದಾಯಿತು. ಓಡಿ ಬಂದು ನೋಡಿದರೆ, ಎರಡು ದಿನದಿಂದ ತಲೆ ಎತ್ತದಿದ್ದ ಅಣ್ಣ ಕಿಟಕಿಯ ಗ್ರಿಲ್ ಹಿಡಿದುಕೊಂಡು ಕೂತಿದ್ದಾನೆ.

ಬೆಳ್ಳಿ ಬಂದಿದ್ದಾಳೆ, ಗೇಟಿನ ಹತ್ತಿರ ನಿಂತಿದ್ದಾಳೆ ಎಂದ. ನಾನು ಕಿಟಕಿಯಿಂದ ಬಗ್ಗಿ ನೋಡಿದೆ. ಗೇಟು, ಎರಡು ಸ್ಕೂಟರು, ಒಂದು ಕಲ್ಲುಚಪ್ಪಡಿ. ಹಸು ಇರಲಿ, ಬೀದಿನಾಯಿ ಕೂಡ ಇರಲಿಲ್ಲ. ಇಲ್ಲ ಕಣೋ, ಯಾರೂ ಇಲ್ಲ, ಮಲಗಿಕೋ ಎಂದೆ. ಅವನ ಮುಖ ನೋಡಬೇಕಿತ್ತು ನೀವು. ಹೊಡೆಸಿಕೊಂಡ ಮಗುವಿನ ಹಾಗೆ ತುಟಿ ನಡುಗಿತು.

‘ಹೋಗವ್ವ. ಕಾಯ್ತಾ ಅವಳೆ. ಸೆರಗೊಡ್ಡು, ನಾನು ಇಲ್ಲಿಂದ ಹಾಕ್ತೀನಿ.’

ನನಗೆ ಏನು ಮಾಡಬೇಕೋ ತಿಳಿಯಲಿಲ್ಲ. ಮನೆಯಲ್ಲಿ ನೈಟಿ ಹಾಕಿಕೊಂಡಿದ್ದೆ, ಸೆರಗೆಲ್ಲಿಂದ ಬರಬೇಕು? ಬಾಗಿಲ ಹಿಂದಿದ್ದ ಮಗಳ ವೇಲನ್ನು ಮೈಮೇಲೆ ಹಾಕಿಕೊಂಡು ಮೆಟ್ಟಿಲಿಳಿದೆ. ಗೇಟಿನ ಹೊರಗೆ ಹೋಗಿ ನಿಂತೆ. ರಸ್ತೆಯಲ್ಲಿ ಅಷ್ಟು ಜನ. ನನಗೋ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಮೇಲೆ ನೋಡಿದರೆ ಅಣ್ಣ ಗ್ರಿಲ್ಲಿನ ಸಂದಿಯಿಂದ ಕೈ ಹೊರಗೆ ಹಾಕಿದ್ದ. ವೇಲಿನ ತುದಿಯನ್ನು ಎರಡೂ ಕೈಯಲ್ಲಿ ಬಿಡಿಸಿ, ಎದುರಿಗೆ ಒಡ್ಡಿದೆ. ಬರೀ ಗಾಳಿಗೆ. ಅಣ್ಣನ ಕೈ ಏನನ್ನೋ ಇಳಿಬಿಟ್ಟ ಹಾಗೆ ಕೆಳಗೆ ಬಂತು, ಬೆರಳು ಬಿಚ್ಚಿಕೊಂಡವು.

ಅವನ ಸಮಾಧಾನಕ್ಕೆಂದು ಸ್ವಲ್ಪ ಹೊತ್ತು ಹಾಗೇ ನಿಂತೆ. ಆಮೇಲೆ ವೇಲಿನ ತುದಿಯನ್ನು ಮಡಚಿ ಹಿಡಿದು, ಹಸು ನಡೆಸಿಕೊಂಡು ಬರುವವಳ ಹಾಗೆ ಗೇಟು ದೊಡ್ಡದಾಗಿ ತೆಗೆದು, ಒಳಗೆ ಬಂದೆ. ನನಗೆ ಯಾವ ಸದ್ದೂ ಕೇಳಲಿಲ್ಲ, ಯಾವ ವಾಸನೆಯೂ ಬರಲಿಲ್ಲ, ಮೈ ಜುಮ್ಮೆನ್ನಲಿಲ್ಲ. ಇದನ್ನು ನಾನು ಒತ್ತಿ ಹೇಳುತ್ತಿದ್ದೇನೆ. ಒಲೆ ಮೇಲೆ ಗಂಜಿ ಉಕ್ಕಿತೇನೋ ಎಂಬುದೊಂದೇ ಯೋಚನೆ ನನಗೆ.

ಮೇಲೆ ಬಂದಾಗ ಅಣ್ಣ ದಿಂಬಿಗೆ ಒರಗಿದ್ದ.

‘ತಗಂಡ್ಯಾ?’

‘ತಗೊಂಡೆ ಅಣ್ಣ.’

ಅವನು ಕಣ್ಣು ಮುಚ್ಚಿದ. ತಿಂಗಳುಗಳಿಂದ ಗಂಟು ಬಿದ್ದಿದ್ದ ಅವನ ಹುಬ್ಬು ಸಡಿಲವಾದದ್ದನ್ನು ನಾನು ನೋಡಿದೆ. ಆ ರಾತ್ರಿ ಔಷಧಿ ಬೇಕು ಎನ್ನಲಿಲ್ಲ, ನರಳಲಿಲ್ಲ. ಬೆಳಿಗ್ಗೆ ಹಾಲಿನವನು ಬೆಲ್ ಮಾಡಿದಾಗ ಎದ್ದು ನೋಡಿದರೆ ಅಣ್ಣನ ಉಸಿರು ನಿಂತಿತ್ತು. ನಾನು ಪಕ್ಕದಲ್ಲೇ ಚಾಪೆ ಹಾಸಿಕೊಂಡು ಮಲಗಿದ್ದೆ, ನನಗೆ ಗೊತ್ತೇ ಆಗಿರಲಿಲ್ಲ. ನನಗಿದ್ದವನು ಅವನೊಬ್ಬ. ಅಪ್ಪ ಅಮ್ಮ ಹೋದಾಗಲೂ ನಾನು ಹಾಗೆ ಅತ್ತಿರಲಿಲ್ಲ.

ನಮ್ಮ ಕೆಳಗಿನ ರೂಮಿನಲ್ಲಿ ಬಸವರಾಜ ಎಂಬ ಹುಡುಗನಿದ್ದ. ವಿಜಯಪುರದ ಕಡೆಯವನು, ಬೈಕಿನಲ್ಲಿ ಊಟ ಡೆಲಿವರಿ ಮಾಡುತ್ತಿದ್ದ. ಅಣ್ಣನನ್ನು ಮಹಡಿಯಿಂದ ಇಳಿಸಿ, ಊರಿಗೆ ಒಯ್ಯುವ ಆಂಬುಲೆನ್ಸಿಗೆ ಹತ್ತಿಸಲು ಅವನೇ ಹೆಗಲು ಕೊಟ್ಟ. ಗಾಡಿ ಹೊರಡುವ ಮುಂಚೆ ನನ್ನ ಹತ್ತಿರ ಬಂದು, ತುಂಬ ಸಂಕೋಚದಿಂದ ಕೇಳಿದ.

‘ಅಕ್ಕಾರ, ನಿನ್ನೆ ಸಂಜೀಕ ಒಳಗ ಹೊಡ್ಕೊಂಡು ಬಂದ್ರಲ್ರೀ, ಆ ಆಕಳ ಎಲ್ಲೈತಿ? ನೀವು ಊರಿಗೆ ಹೋದ್ರ ಅದಕ್ಕ ನೀರು ಕುಡಸವ್ರು ಯಾರು?’

ಯಾವ ಆಕಳು ಎಂದೆ. ಸಂಜೆ ಅವನು ಬೈಕಿನಲ್ಲಿ ಬರುವಾಗ ಹಸು ಗೇಟಿಗೆ ಅಡ್ಡ ನಿಂತಿತ್ತಂತೆ. ನಾನು ಅದನ್ನು ಒಳಗೆ ಕರೆದುಕೊಳ್ಳುವವರೆಗೆ ಅವನು ಬೈಕ್ ನಿಲ್ಲಿಸಿಕೊಂಡು ಕಾದನಂತೆ. ಒಕ್ಕಲುತನದ ಮನೆಯವನು, ದನದ ಮೇಲೆ ಕಣ್ಣು ಹೋಗದೆ ಇರುತ್ತದೆಯೇ? ಬೂದುಬಿಳಿ ಮೈ, ಹಿಂದಕ್ಕೆ ಬಾಗಿದ ಕೋಡು, ಎಡಗೋಡಿನ ತುದಿ ಮುರಿದಿತ್ತು ಎಂದ. ಮುರಿದ ಜಾಗದಲ್ಲಿ ರಕ್ತ ಒಣಗಿತ್ತಂತೆ, ಅರಿಶಿನ ಹಚ್ಚಿ ಎಂದು ಹೇಳಬೇಕೆಂದುಕೊಂಡನಂತೆ. ಹುಡುಗ ರಾತ್ರಿಯೆಲ್ಲ ದುಡಿದು ನಿದ್ದೆಗೆಟ್ಟಿದ್ದಾನೆ, ಏನೋ ಹೇಳುತ್ತಿದ್ದಾನೆ ಎಂದುಕೊಂಡೆ. ಅಣ್ಣನ ಕಾಲು ಕಾಣುತ್ತಿತ್ತು ಗಾಡಿಯಲ್ಲಿ. ಆ ಹೊತ್ತಿನಲ್ಲಿ ಹಸುವಿನ ಮಾತು ಯಾರಿಗೆ ಬೇಕಿತ್ತು?

ಅಣ್ಣನನ್ನು ಕಾವಲಿನ ಅಂಚಿನಲ್ಲೇ ಮಣ್ಣು ಮಾಡಿದೆವು. ಮೂರನೇ ದಿನ ಹಾಲುತುಪ್ಪ ಬಿಟ್ಟು ಬರುವಾಗ ಶಿವಣ್ಣ ನನ್ನನ್ನು ದನಗಳ ಕಡೆ ಕರೆದುಕೊಂಡು ಹೋದ. ಅಷ್ಟು ಅಗಲದ ಆಕಾಶ ನೋಡಿ ನನಗೆ ಎದೆ ಒಡೆದ ಹಾಗಾಯಿತು. ಇದನ್ನು ಬಿಟ್ಟು ಅವನು ಕೊನೆಯ ದಿನಗಳಲ್ಲಿ ಕೇಬಲ್ ವೈರು ನೋಡಿಕೊಂಡು ಮಲಗಿದ್ದನಲ್ಲ ಎನಿಸಿತು. ಶಿವಣ್ಣ ದೂರದಿಂದ ಬೆರಳು ಮಾಡಿ, ಅದೇ ನಿನ್ನ ಬೆಳ್ಳಿ ಎಂದ. ಹತ್ತಿರ ಹೋಗಬೇಡ, ಹೊಸಬರನ್ನು ಕಂಡರೆ ಹಾಯುತ್ತದೆ ಎಂದ. ಬೆಳ್ಳಿ ತಲೆ ಎತ್ತಿ ನಮ್ಮ ಕಡೆ ನೋಡಿತು. ಎಡಗೊಂಬಿನ ತುದಿ ಇರಲಿಲ್ಲ.

ಕೊಂಬು ಯಾವಾಗ ಮುರಿಯಿತು ಎಂದು ಕೇಳಿದೆ. ಹೋದ ವಾರ, ಬೇರೆ ಹಸುವಿನ ಜೊತೆ ಗುದ್ದಾಡಿ ಮುರಿದುಕೊಂಡಿತು ಎಂದ. ಅಣ್ಣ ನಮ್ಮ ಮನೆಗೆ ಬಂದು ಆಗ ತಿಂಗಳುಗಳೇ ಆಗಿದ್ದವು. ಕಾವಲಿನಲ್ಲಿ ಫೋನ್ ಸಿಗ್ನಲ್ ಇಲ್ಲ, ಶಿವಣ್ಣ ಈ ವಿಷಯವನ್ನು ನಮಗ್ಯಾರಿಗೂ ಹೇಳಿರಲಿಲ್ಲ. ಮತ್ತೆ ಅಣ್ಣ ಹೋಗುವ ಹಿಂದಿನ ಸಂಜೆ ಬೆಳ್ಳಿ ಎಲ್ಲಿತ್ತು ಎಂದೆ. ಎಲ್ಲಿಗೆ ಹೋಗುತ್ತದೆ, ಹೊತ್ತು ಮುಳುಗುವಾಗ ನಾನೇ ದೊಡ್ಡಿಗೆ ಹೊಡೆದೆನಲ್ಲ ಎಂದ. ಬೆಳ್ಳಿ ಮತ್ತೆ ತಲೆ ತಗ್ಗಿಸಿ ಮೇಯತೊಡಗಿತು. ಅದಕ್ಕೆ ನಾನು ಯಾರೋ.

ಕುರುಬರಹಳ್ಳಿಗೆ ವಾಪಸ್ಸು ಬಂದ ಮೇಲೆ ನನಗೆ ಹುಚ್ಚು ಹಿಡಿದ ಹಾಗಾಯಿತು. ಇಸ್ತ್ರಿಯವನನ್ನು ಕೇಳಿದೆ. ಕಂಡಕ್ಟರ್ ಅಲ್ಲವೇ, ಬಾಯಿ ಬಿಡಿಸುವುದು ಗೊತ್ತು, ನಾನಾಗಿ ಹಸುವಿನ ಹೆಸರೆತ್ತಲಿಲ್ಲ. ಆ ಸಂಜೆ ನಾನು ಗೇಟಿನ ಹತ್ತಿರ ಏನು ಮಾಡುತ್ತಿದ್ದೆ ಎಂದು ಮಾತ್ರ ಕೇಳಿದೆ. ಹಸು ಒಳಗೆ ಕರೆದುಕೊಂಡಿರಿ, ಅದು ಕೊಂಬು ಆಡಿಸಿದರೆ ಬಟ್ಟೆಗೆ ಸಿಕ್ಕೀತೆಂದು ನಾನು ಗಾಡಿ ಪಕ್ಕಕ್ಕೆ ಎಳೆದುಕೊಂಡೆ ಎಂದ. ಎದುರು ಮನೆಯಾಕೆ, ಬಿಲ್ಡಿಂಗಿನಲ್ಲಿ ಹಸು ಕಟ್ಟಿದರೆ ಓನರ್ ಸುಮ್ಮನಿರುತ್ತಾರಾ ಎಂದು ನನ್ನನ್ನೇ ವಿಚಾರಿಸಿದಳು. ಇವರೆಲ್ಲ ಸೇರಿ ನನಗೆ ಆಟ ಆಡಿಸುತ್ತಿದ್ದಾರೆಯೇ ಎಂದೂ ಯೋಚಿಸಿದೆ. ಒಬ್ಬರಿಗೊಬ್ಬರು ನೆಟ್ಟಗೆ ಮಾತಾಡದ ಬೀದಿ ನಮ್ಮದು. ಮೇಲಾಗಿ ಸಾವಿನ ಮನೆಯವರ ಜೊತೆ ಯಾರು ಅಂಥ ಆಟ ಆಡುತ್ತಾರೆ?

ಎಲ್ಲ ಲೆಕ್ಕ ಹಾಕಿ ನೋಡಿದ್ದೇನೆ. ಯಾರದೋ ಹಸು ದಾರಿ ತಪ್ಪಿ ಬಂದಿರಬಹುದು. ಆದರೆ ಬಂದಿದ್ದರೆ ನನ್ನ ಕಣ್ಣಿಗೇಕೆ ಕಾಣಲಿಲ್ಲ? ಒಳಗೆ ಕರೆದುಕೊಂಡ ಮೇಲೆ ಎಲ್ಲಿ ಹೋಯಿತು? ನಮ್ಮ ಗೇಟಿನ ಒಳಗೆ ಸ್ಕೂಟರ್ ತಿರುಗಿಸಲೂ ಜಾಗವಿಲ್ಲ. ಯಜಮಾನರು, ನಿನಗೆ ಅಣ್ಣನ ಚಿಂತೆಯಲ್ಲಿ ಕಣ್ಣು ಮಂಕಾಗಿತ್ತು ಅಷ್ಟೇ ಎನ್ನುತ್ತಾರೆ. ಮುರಿದ ಕೊಂಬಿನ ಮಾತು ಎತ್ತಿದರೆ ಟಿವಿ ಹಾಕುತ್ತಾರೆ. ಅಣ್ಣನಿಗೆ ತಗೊಂಡೆ ಎಂದು ಹೇಳಿದ್ದು ಅವನ ಸಮಾಧಾನಕ್ಕೆ ಹೇಳಿದ ಸುಳ್ಳು ಎಂದುಕೊಂಡಿದ್ದೆ. ಈಗ ಅದು ಸುಳ್ಳೋ ನಿಜವೋ ನನಗೇ ತಿಳಿಯದು. ನನಗೆ ಕೊಟ್ಟದ್ದು ನನ್ನೊಬ್ಬಳಿಗೆ ಯಾಕೆ ಕಾಣಲಿಲ್ಲ ಎಂಬುದೂ ತಿಳಿಯದು.

ಹೂವಿನ ಜಯಮ್ಮನನ್ನು ಮಾತ್ರ ನಾನು ಕೇಳಿರಲಿಲ್ಲ. ಅವಳೂ ಮೈಲಿಗೆ ಕಳೆಯಲಿ ಎಂದು ಸುಮ್ಮನಿದ್ದಳೇನೋ. ತಿಥಿ ಎಲ್ಲ ಮುಗಿದ ಮೇಲೆ ಒಂದು ದಿನ ಅಣ್ಣನ ಫೋಟೋಕ್ಕೆ ಹೂವು ತೆಗೆದುಕೊಳ್ಳಲು ಹೋದೆ. ಅವಳು ಮಾರು ಹಾಕುತ್ತ ತಲೆ ತಗ್ಗಿಸಿಕೊಂಡೇ ಹೇಳಿದಳು.

‘ಬೇಜಾರು ಮಾಡ್ಕೋಬೇಡಿ ಅಕ್ಕ, ಅವತ್ತಿಂದ ಕೇಳ್ಬೇಕು ಅಂತಿದ್ದೆ. ಆ ಹಸ ಅಷ್ಟೊತ್ತು ನಿಮ್ಮ ಕೈ ನೆಕ್ತಾ ನಿಂತಿತ್ತಲ್ಲ, ಒಂದ್ಸಲ ಅದ್ರ ಮೈ ಸವರಬಾರ್ದಿತ್ತಾ?’

ಅವಳು ಹೂವನ್ನು ಎಲೆಯಲ್ಲಿ ಸುತ್ತಿ ಕೊಟ್ಟಳು, ಇಸಿದುಕೊಂಡೆ. ಅಲ್ಲಿ ಇದೆ ಎಂದು ಗೊತ್ತಾಗಿದ್ದರೆ ಸವರುತ್ತಿರಲಿಲ್ಲವೇ ನಾನು ಎಂದು ಅವಳಿಗೆ ಹೇಗೆ ಹೇಳಲಿ?